ನನ್ನ ಧೈರ್ಯಕ್ಕೆಂದು ಬಂದವನು

ಮೊನ್ನೆ ಡಿಸೆಂಬರಿನ ಒಂದು ಮಧ್ಯಾಹ್ನ ಹಾಸನದಿಂದ ಸಕಲೇಶಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಬಾಳ್ಳುಪೇಟೆ ಹತ್ತಿರವಾಗುತ್ತಿದ್ದಂತೆ ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ಹುಳಿ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಎಂಟು ವರ್ಷ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನನಗೆ ಅದು ಕೆಟ್ಟ ವಾಸನೆಯೇನಲ್ಲ. ಕೊಯ್ಲು ಶುರುವಾಗಿದೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತಿದೆ, ಕೂಲಿ ಲೈನಿನ ಜನಕ್ಕೆಲ್ಲ ಕೈತುಂಬ ಕೆಲಸವಿದೆ ಎಂದು ಹೇಳುವ ವಾಸನೆ ಅದು. ಆದರೆ ಬಸ್ಸು ಪೇಟೆಯೊಳಗೆ ನಿಂತಾಗ ಗಮನಿಸಿದೆ: ನನಗೇ ಗೊತ್ತಿಲ್ಲದಂತೆ ನಾಲಿಗೆಯನ್ನು ಕೆನ್ನೆಯ ಒಳಗೆಲ್ಲ ಆಡಿಸುತ್ತ, ಎಲ್ಲಾದರೂ ಹುಣ್ಣು ಇದೆಯೇ ಎಂದು ಹುಡುಕುತ್ತಿದ್ದೆ. ನಾಲ್ಕು ವರ್ಷದ ಹಿಂದಿನ ಒಂದು ಕೊಯ್ಲಿನ ಹಂಗಾಮು ಪೂರ್ತಿ ನಾನು ಮಾಡಿದ್ದು ಅದನ್ನೇ.

ಆಗ ನನಗೆ ಇಪ್ಪತ್ತೊಂಬತ್ತು. ಬೇಲೂರು ಕಡೆಯ ಸುಮಾ ಎಂಬ ಹುಡುಗಿಯ ಜೊತೆ ಮದುವೆ ಮಾತಾಗಿತ್ತು. ಕೊಯ್ಲು ಮುಗಿದ ಮೇಲೆ ನಿಶ್ಚಿತಾರ್ಥ, ಬೇಸಿಗೆಯಲ್ಲಿ ಮದುವೆ. ಅಕ್ಟೋಬರಿನ ಕೊನೆಯಲ್ಲಿ ಪರಿಚಯದವರೊಬ್ಬರ ಮದುವೆಗೆಂದು ಮಂಗಳೂರಿಗೆ ಹೋಗಿದ್ದೆ. ಆರತಕ್ಷತೆ ಮುಗಿದ ಮೇಲೆ ನಾಲ್ಕಾರು ಜನ ಸೇರಿ ಕುಡಿದೆವು. ಆಮೇಲೆ ಒಂದು ಲಾಡ್ಜಿಗೆ ಹೋದೆವು. ಯಾರೂ ನನ್ನನ್ನು ಎಳೆದುಕೊಂಡು ಹೋಗಲಿಲ್ಲ. ನನ್ನ ಕಾಲಿನ ಮೇಲೇ ನಡೆದು ಹೋದೆ. ಅಲ್ಲಿ ನನ್ನ ಕೋಣೆಗೆ ಬಂದ ಹೆಂಗಸು ಕಾಂಡೋಮ್ ಕೈಗಿಟ್ಟು "ಹಾಕ್ಕೊಳ್ಳಿ" ಎಂದಳು. ನಾನೇ ಬೇಡವೆಂದೆ. ಅವಳ ಹೆಸರನ್ನು ಸಹ ಕೇಳಲಿಲ್ಲ. ಅಷ್ಟೇ ನಡೆದದ್ದು.

ಊರಿಗೆ ಬಂದು ಇಪ್ಪತ್ತು ದಿನಕ್ಕೆ ಜ್ವರ ಬಂತು. ಮಾಮೂಲಿ ಜ್ವರವೆಂದು ಮಾತ್ರೆ ನುಂಗಿದೆ. ಗಂಟಲು ಕಟ್ಟಿಕೊಂಡಿತು. ಎದೆಯ ಮೇಲೆ ಗಂಧೆ ಎದ್ದಿತು. ಎಸ್ಟೇಟಿನ ಸ್ಟೋರಿನಲ್ಲಿ ಒಬ್ಬನೇ ಕೂತು ಮೊಬೈಲಿನಲ್ಲಿ ಆ ಮೂರನ್ನೂ ಬರೆದು ಹುಡುಕಿದೆ. ಪರದೆಯ ಮೇಲೆ ಬಂದ ಮೊದಲ ಪದವೇ ಎಚ್ಐವಿ. ಅವತ್ತಿನಿಂದ ನನ್ನ ದೇಹ ನನ್ನದಾಗಿ ಉಳಿಯಲಿಲ್ಲ. ಅದನ್ನು ಕಾಯುವುದೇ ಕೆಲಸವಾಯಿತು. ಕುತ್ತಿಗೆಯಲ್ಲಿ ಗಡ್ಡೆ ಇದೆಯೇ ಎಂದು ಒತ್ತಿ ಒತ್ತಿ ನೋಡಿಕೊಂಡೇ ಅಲ್ಲಿ ನೋವು ಬರಿಸಿಕೊಂಡೆ. ಬೈಕಿನ ಕನ್ನಡಿಗೆ ನಾಲಿಗೆ ಚಾಚಿ ನೋಡುತ್ತಿದ್ದೆ. ಹಣ್ಣಿನ ಚೀಲ ತೂಗುವ ತಕ್ಕಡಿಯ ಮೇಲೆ, ಆಳುಗಳು ತೋಟಕ್ಕೆ ಹೋದ ಮೇಲೆ, ದಿನಾ ನಾನೇ ಹತ್ತಿ ನಿಲ್ಲುತ್ತಿದ್ದೆ. ಒಂದು ದಿನ ಹಾಗೆ ನಿಂತಿದ್ದಾಗ ಕುಡುಗೋಲು ಮರೆತು ವಾಪಸ್ ಬಂದ ಹೆಂಗಸೊಬ್ಬಳು ನೋಡಿ ನಕ್ಕಳು.

"ಏನ್ ರೈಟ್ರೇ, ನಿಮ್ನೂ ಹಣ್ಣಿನ ಜೊತೆ ಪಲ್ಪರ್‌ಗೆ ಹಾಕ್ತಾರಾ?"

ನಾನೂ ನಕ್ಕೆ. ಎರಡು ಕಿಲೋ ಕಡಿಮೆಯಾಗಿದ್ದೆ. ಊಟ ಸೇರದವನು ಇಳಿಯದೆ ಇನ್ನೇನಾದಾನು ಎಂದು ಈಗ ಅನ್ನಿಸುತ್ತದೆ. ಎದೆಯ ಗಂಧೆ ಕೂಡ ನೆರಳಿನ ಮರದಿಂದ ಬಿದ್ದ ಕಂಬಳಿಹುಳದ ಕೂದಲಿನದ್ದಿರಬಹುದು. ಆ ವಾರ ತೋಟದಲ್ಲಿ ಎಲ್ಲರೂ ಕೆರೆದುಕೊಳ್ಳುತ್ತಲೇ ಇದ್ದರು. ಆದರೆ ಹೆದರಿದವನಿಗೆ ಅಕ್ಕಪಕ್ಕದವರ ಮೈ ಕಾಣುವುದಿಲ್ಲ. ಸುಮಾ ಫೋನ್ ಮಾಡಿದರೆ ಕೆಲಸವಿದೆ ಎಂದು ಇಟ್ಟುಬಿಡುತ್ತಿದ್ದೆ.

ಇದನ್ನು ನಾನು ಮೊದಲು ಹೇಳಿದ್ದು ಲೋಕೇಶನಿಗೆ. ಒಂದನೇ ಕ್ಲಾಸಿನಿಂದ ಜೊತೆಯಲ್ಲಿ ಓದಿದವನು. ಬಾಳ್ಳುಪೇಟೆಯಲ್ಲಿ ಶಾಮಿಯಾನದ ಅಂಗಡಿ ಇಟ್ಟುಕೊಂಡಿದ್ದ. ಮದುವೆಯಾಗಲಿ ತಿಥಿಯಾಗಲಿ, ಕಂಬ ನಿಲ್ಲಿಸಿ ಬಟ್ಟೆ ಕಟ್ಟಿದ ಮೇಲೂ ಅವನು ಹೊರಡುವವನಲ್ಲ. ಅಡುಗೆಯವರಿಗೆ ಸೌದೆ ಎತ್ತಿಕೊಡುತ್ತಿದ್ದ, ಎಲೆ ಹಾಕುತ್ತಿದ್ದ, ಅಳುವವರ ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದ. ನನ್ನ ಅಪ್ಪ ತೀರಿಕೊಂಡ ದಿನ ಅವ್ವನ ಕೈ ಹಿಡಿದುಕೊಂಡು ಕೂತಿದ್ದವನು ಅವನೇ. ನಾನು ಹಿತ್ತಲಲ್ಲಿ ಅವಿತಿದ್ದೆ. ಅವನಿಗೆ ಪ್ರೇಮಾ ಎಂಬ ಹೆಂಡತಿ, ಅಂಗನವಾಡಿಗೆ ಹೋಗುವ ಒಬ್ಬ ಮಗಳು.

ಆ ವರ್ಷ ಡಿಸೆಂಬರಿನ ಮೊದಲಲ್ಲಿ ಅಕಾಲದ ಮಳೆ ಹಿಡಿಯಿತು. ಕಣದಲ್ಲಿ ಹರವಿದ್ದ ಕಾಫಿ ಬೀಜ ನೆನೆಯುವಂತಾದಾಗ ನಮ್ಮ ಟಾರ್ಪಾಲು ಸಾಲದೆ ಲೋಕಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿದ್ದದ್ದನ್ನೆಲ್ಲ ಆಟೋದಲ್ಲಿ ಹೇರಿಕೊಂಡು ಬಂದ. ಎರಡು ಗಂಟೆ ಹೊತ್ತು ಇಬ್ಬರೂ ಕಣದ ತುಂಬ ಓಡಾಡಿ ಮುಚ್ಚಿದೆವು. ಕೊನೆಗೆ ಸ್ಟೋರಿನ ಬಾಗಿಲಲ್ಲಿ ನಿಂತು ತಲೆ ಒರೆಸಿಕೊಳ್ಳುವಾಗ ಅವನು ನನ್ನ ಮುಖ ನೋಡಿದ.

"ಏನ್ ಮಾರಾಯ, ಒಣಗಿದ ಕಡ್ಡಿ ಆಗ್ಬುಟ್ಟಿದೀಯ. ಮದ್ವೆ ಗಂಡು ಹಿಂಗಾ ಇರೋದು?"

ನನಗೆ ಅಳು ಬಂದುಬಿಟ್ಟಿತು. ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಅವನು ಟವಲನ್ನು ಹಿಂಡಿ ಹೆಗಲಿಗೆ ಹಾಕಿಕೊಂಡ.

"ಫೋನ್ ನೋಡ್ಕೊಂಡು ಎಷ್ಟ್ ದಿನ ಸಾಯ್ತೀಯ? ರಕ್ತದಲ್ಲಿ ಏನೈತೆ ಅಂತ ರಕ್ತನೇ ಹೇಳ್ಬೇಕು. ನಾಳಿದ್ದು ಹೋಗನ."

"ಯಾರಾದ್ರೂ ನೋಡಿದ್ರೆ?"

"ಸಕಲೇಶಪುರ ಬ್ಯಾಡ, ಆಲೂರಿಗೆ ಹೋಗನ. ಅಲ್ಲಿ ನಿನ್ನ ಗುರ್ತು ಹಿಡಿಯೋರು ಯಾರವ್ರೆ? ನಾನಿರ್ತೀನಿ ಬಾರೋ."

ಅವನ ಬೈಕಿನಲ್ಲೇ ಹೋದೆವು. ಪಾಳ್ಯ ದಾಟಿದ ಮೇಲೆ ನಾನು ಎರಡು ಸಲ ವಾಪಸ್ ಹೋಗೋಣ ಎಂದೆ. ಅವನು ಕೇಳಿಸದವನಂತೆ ಓಡಿಸಿದ. ಆಸ್ಪತ್ರೆಯ ಒಂದು ಮೂಲೆಯಲ್ಲಿತ್ತು ಪರೀಕ್ಷೆಯ ಕೋಣೆ. ಅಲ್ಲಿ ಕೂತಿದ್ದ ಮೇಡಂ ನಮ್ಮ ಅವ್ವನಿಗಿಂತ ಸ್ವಲ್ಪ ಚಿಕ್ಕವರಿರಬಹುದು. ಬಾಗಿಲು ಮುಚ್ಚಿ, ಕುರ್ಚಿ ತೋರಿಸಿ, ಏನಾಯಿತು ಎಂದು ಕೇಳಿದರು. ತಲೆ ತಗ್ಗಿಸಿ ಹೇಳಿದೆ. ಅವರು ಬೈಯಲಿಲ್ಲ.

"ಮೂರು ದಿನದೊಳಗೆ ಬಂದಿದ್ರೆ ಸೋಂಕು ತಡೆಯೋಕೇ ಔಷಧಿ ಇತ್ತು. ಅದು ಯಾರಿಗೂ ಗೊತ್ತಿರಲ್ಲ" ಎಂದರು. "ಜ್ವರ, ಗಂಧೆ, ಇವೆಲ್ಲ ನೂರು ಕಾರಣಕ್ಕೆ ಬರ್ತವೆ. ಲಕ್ಷಣ ನೋಡಿ ಯಾರೂ ಹೇಳೋಕಾಗಲ್ಲ, ಡಾಕ್ಟ್ರೂ ಸೇರಿ. ಇವತ್ತು ಒಂದು ಪರೀಕ್ಷೆ. ಏನೂ ಇಲ್ಲ ಅಂತ ಬಂದ್ರೂ ಮೂರು ತಿಂಗಳು ತುಂಬಿದ ಮೇಲೆ ಇನ್ನೊಂದ್ಸಲ ಬರಬೇಕು. ಅಲ್ಲಿವರೆಗೆ ಹುಷಾರಾಗಿರಿ."

ಲೋಕಿ ಬಾಗಿಲಲ್ಲಿ ಇಣುಕಿದ. ನಾನು ಕುರ್ಚಿಯಿಂದ ಏಳಲು ನೋಡುತ್ತಿದ್ದದ್ದು ಅವನಿಗೆ ಕಂಡಿತು.

"ಮೇಡಂ, ನಂದೂ ಒಂದ್ ತಗಂಬುಡಿ. ಇವ್ನಿಗೆ ಧೈರ್ಯ ಬರ್ಲಿ."

"ಸುಮ್ನೆ ತಮಾಷೆಗೆ ಮಾಡೋದಲ್ಲಪ್ಪ ಇದು" ಎಂದರು ಅವರು. ಅವನನ್ನೂ ಒಳಗೆ ಕೂರಿಸಿ, ನನ್ನನ್ನು ಹೊರಗೆ ಕಳಿಸಿ ಮಾತಾಡಿದರು. ಆಮೇಲೆ ಇಬ್ಬರೂ ರಕ್ತ ಕೊಟ್ಟೆವು. ಹತ್ತಿ ಒತ್ತಿಕೊಂಡು ಬೆಂಚಿನಲ್ಲಿ ಕೂತಾಗ ಅವನು, "ನೋಡು, ಇಂಜೆಕ್ಷನ್ ಅಂದ್ರೆ ಸ್ಕೂಲ್ ಬಿಟ್ಟು ಓಡ್ತಿದ್ದೆ ನಾನು. ನಿನ್ನಿಂದ ಇದೂ ಆಯ್ತು" ಎಂದು ನಕ್ಕ.

ನನ್ನನ್ನು ಮೊದಲು ಕರೆದರು. ಸದ್ಯಕ್ಕೆ ಸೋಂಕು ಕಂಡಿಲ್ಲ ಎಂದರು. ನಾನು ಆ ಮೇಡಂಗೆ ಕೈ ಮುಗಿದೆ, ಆಮೇಲೆ ಹೊರಗೆ ಓಡಿದೆ. ಲೋಕಿಯನ್ನು ಒಳಗೆ ಕರೆದಾಗ ಅವನ ಬೆನ್ನಿಗೊಂದು ಗುದ್ದು ಕೊಟ್ಟು ಆಸ್ಪತ್ರೆಯ ಗೇಟಿನ ಹತ್ತಿರ ಬಂದು ಸುಮಾಗೆ ಫೋನ್ ಮಾಡಿದೆ. ತಿಂಗಳಾದ ಮೇಲೆ ನಗುತ್ತ ಮಾತಾಡಿದೆ. ಮದುವೆಗೆ ಯಾವ ಬಣ್ಣದ ಸೀರೆ ಎಂದೆಲ್ಲ ಕೇಳಿದೆ. ಎಷ್ಟು ಹೊತ್ತು ಮಾತಾಡಿದೆನೋ, ಲೋಕಿ ಬರದೇ ಇದ್ದದ್ದು ನನ್ನ ಗಮನಕ್ಕೇ ಬರಲಿಲ್ಲ. ಅವನ ರಕ್ತವನ್ನು ಮತ್ತೆ ಮತ್ತೆ ಬೇರೆ ರೀತಿಯಲ್ಲಿ ಪರೀಕ್ಷೆ ಮಾಡುತ್ತಿದ್ದರಂತೆ.

ಕೊನೆಗೆ ಅವನು ಮೆಟ್ಟಿಲಿಳಿದು ಬಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ.

"ನಿಂದೇನಂತೆ?"

"ಏನೂ ಇಲ್ಲ ಕಣೋ! ಏನೂ ಇಲ್ಲಂತೆ!"

"ಒಳ್ಳೇದಾಯ್ತು ಬಿಡು." ಬೈಕಿನ ಹತ್ತಿರ ಹೋಗಿ ಸೀಟಿನ ಮೇಲಿನ ಧೂಳು ಒರೆಸಿದ. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದ: "ನಂಗೆ ಐತಂತೆ."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನು ಬೀಗದ ಕೈಯನ್ನು ನನ್ನ ಕಡೆ ಚಾಚಿದ. "ನೀನೇ ಓಡ್ಸು ಶಿವು. ನನ್ ಕೈಲಾಗಲ್ಲ."

ದಾರಿಯುದ್ದಕ್ಕೂ ಅವನು ಮಾತಾಡಿದ್ದು ಎರಡೇ ಸಲ. ಒಮ್ಮೆ, "ಹೆಂಗ್ ಬಂತೋ ಗೊತ್ತಿಲ್ಲ ಕಣೋ. ಮದ್ವೆಗೆ ಮುಂಚೆ ಮೈಸೂರಲ್ಲಿ ಕೆಲ್ಸಕ್ಕಿದ್ದಾಗ ಏನೋ ಒಂದೆರಡು ತಪ್ಪು. ಅದೇನಾ?" ಎಂದ. ಇನ್ನೊಮ್ಮೆ, ಬಾಳ್ಳುಪೇಟೆಯ ಅಂಗಡಿಗಳು ಕಾಣತೊಡಗಿದಾಗ, "ಯಾರ್ಗೂ ಹೇಳ್ಬ್ಯಾಡ. ಪ್ರೇಮಂಗೆ ನಾನೇ ಹೇಳ್ತೀನಿ" ಎಂದ. "ನನ್ನಾಣೆ, ಹೇಳಲ್ಲ" ಎಂದೆ. ಹಾಗೆ ಆಣೆಯಿಡುವಾಗ ಅವನ ಕೈ ನನ್ನ ಹೆಗಲ ಮೇಲಿತ್ತು. ಆ ಕೈಯಿಂದ ತಪ್ಪಿಸಿಕೊಳ್ಳುವವನಂತೆ ನಾನು ಸೀಟಿನಲ್ಲಿ ಮುಂದೆ ಮುಂದೆ ಸರಿದು ಟ್ಯಾಂಕಿಗೆ ಅಂಟಿ ಕೂತಿದ್ದೆ. ಮುಟ್ಟಿದರೆ ಬರುವುದಿಲ್ಲ ಎಂದು ಆಸ್ಪತ್ರೆಯ ಗೋಡೆಯ ಮೇಲೆ ಬರೆದದ್ದನ್ನು ಅದೇ ಬೆಳಿಗ್ಗೆ ಓದಿದ್ದವನು ನಾನು. ಅವನು ಸ್ವಲ್ಪ ಹೊತ್ತಿಗೆ ಕೈ ತೆಗೆದ.

ಪ್ರೇಮಾ ಎರಡು ದಿನ ಊಟ ಬಿಟ್ಟಳಂತೆ. ಮೂರನೆಯ ದಿನ ತಾನೇ ಮಗಳನ್ನು ಎತ್ತಿಕೊಂಡು ಹೊರಟು ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿ ಬಂದಳು. ಇಬ್ಬರಿಗೂ ಇರಲಿಲ್ಲ. ಅದನ್ನು ಹೇಳಲು ಫೋನ್ ಮಾಡಿದಾಗ ಲೋಕಿ ಬಿಕ್ಕಿ ಬಿಕ್ಕಿ ಅತ್ತ. "ಇಷ್ಟ್ ಸಾಕು ಕಣೋ. ಇನ್ ನಂಗೇನಾದ್ರೂ ಆಗ್ಲಿ" ಎಂದ. ಏನೂ ಆಗಬೇಕಾಗಿಲ್ಲ, ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿದರೆ ಎಲ್ಲರಂತೆ ಬದುಕಬಹುದು ಎಂದು ಹಾಸನದ ಡಾಕ್ಟರು ಹೇಳಿದರು. ಆ ಮೊದಲ ಸಲ ನಾನೂ ಜೊತೆಗೆ ಹೋಗಿದ್ದೆ. ಎರಡನೆಯ ಸಲ ಹಣ್ಣು ತೂಗುವ ಕೆಲಸವಿದೆ ಎಂದೆ. ಮೂರನೆಯ ಸಲ ಅವನು ಕರೆಯಲಿಲ್ಲ.

ನಿಜ ಹೇಳಬೇಕೆಂದರೆ, ನನ್ನ ಭಯ ಮತ್ತೆ ಮರಳಿತ್ತು. ಏನೂ ಇಲ್ಲದಂತಿದ್ದ ಅವನಿಗೇ ಇದೆ ಎಂದಮೇಲೆ, ಇಷ್ಟೆಲ್ಲ ಲಕ್ಷಣವಿರುವ ನನಗೆ ಇಲ್ಲವೆಂದು ಹೇಗೆ ನಂಬಲಿ? ಬಾಯಲ್ಲಿ ಒಂದು ಹುಣ್ಣಾಯಿತು. ಮೂರು ತಿಂಗಳಾಗಲು ಇನ್ನೂ ಎಷ್ಟು ದಿನ ಎಂದು ಕ್ಯಾಲೆಂಡರಿನಲ್ಲಿ ಎಣಿಸುತ್ತಿದ್ದೆ. ಲೋಕಿಯ ಮುಖ ನೋಡಿದರೆ ನನ್ನದೇ ಮುಂದಿನ ದಿನಗಳನ್ನು ನೋಡಿದಂತಾಗುತ್ತಿತ್ತು. ಅವನ ಅಂಗಡಿಯ ಮುಂದೆ ಹೋಗಬೇಕಾದರೆ ಬೈಕನ್ನು ಹಿಂದಿನ ಬೀದಿಯಲ್ಲಿ ತಿರುಗಿಸುತ್ತಿದ್ದೆ.

ಜನವರಿಯಲ್ಲಿ ಒಂದು ದಿನ ಅವ್ವ ರೊಟ್ಟಿ ತಟ್ಟುತ್ತ ಹೇಳಿದಳು:

"ಲೋಕಿನ ಬರೇಳು. ನಿಶ್ಚಿತಾರ್ಥಕ್ಕೆ ಶಾಮಿಯಾನ ಎಷ್ಟುದ್ದ ಹಾಕ್ಬೇಕು ಅಂತ ಮಾತಾಡನ."

"ಆನೇಮಹಲ್‌ನ ಶಾಮಿಯಾನದೋರ್ಗೆ ಹೇಳನ ಬಿಡವ್ವ."

ಅವ್ವನ ಕೈ ನಿಂತಿತು. "ಯಾಕ್ಲಾ? ನಮ್ಮನೆ ಮದ್ವೆಗೆ ಲೋಕಿ ಬುಟ್ಟು ಬ್ಯಾರೆಯೋರಾ? ಜಗಳ ಆಡ್ಕಂಡ್ರಾ?"

ಇಲ್ಲವೆಂದೆ. ಮತ್ತೆ ಕೇಳಿದಳು. ಎರಡು ತಿಂಗಳಿಂದ ಸರಿಯಾಗಿ ಉಣ್ಣುತ್ತಿಲ್ಲ, ಆಲೂರು ಆಸ್ಪತ್ರೆಯ ಹತ್ತಿರ ನಿಮ್ಮಿಬ್ಬರನ್ನೂ ನೋಡಿದೆ ಎಂದು ಯಾರೋ ಹೇಳಿದರು, ಏನದು, ನಿನಗೇನಾಗಿದೆ ಎಂದು ಒಂದೇ ಸಮ ಕೇಳಿದಳು. ಒಲೆಯ ಬೆಳಕಿನಲ್ಲಿ ಅವಳ ಕಣ್ಣು ನನ್ನ ಮೈಯೆಲ್ಲ ಹುಡುಕುತ್ತಿತ್ತು. ಆಗ ನನ್ನ ಬಾಯಿಂದ ಬಂದ ಮಾತು ಇದು:

"ನಂಗೇನಿಲ್ಲ. ಲೋಕಿಗೆ ಎಚ್ಐವಿ ಐತೆ. ಪರೀಕ್ಷೆ ಮಾಡ್ಸೋಕೆ ಹೆದರ್ತಿದ್ದ, ಅವನ ಜೊತೆಗೆ ಅಂತ ನಾನು ಹೋಗಿದ್ದೆ."

ಎಷ್ಟು ಸಲೀಸಾಗಿ ಬಂತು. ಅವನ ಜಾಗದಲ್ಲಿ ನಾನು ಕೂತೆ, ನನ್ನ ಜಾಗಕ್ಕೆ ಅವನನ್ನು ತಳ್ಳಿದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ನನ್ ಕಂದ" ಎಂದಳು. ಯಾರಿಗೆ ಹಾಗೆ ಅಂದಳೋ ನನಗೆ ತಿಳಿಯಲಿಲ್ಲ.

ಅವ್ವ ಕೆಟ್ಟವಳಲ್ಲ. ಆದರೆ ಹೆದರಿದಳು. ಹತ್ತು ದಿನದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಲೋಕಿ ತಾನಾಗಿಯೇ ಮನೆಗೆ ಬಂದ. ಮಗಳ ಹುಟ್ಟುಹಬ್ಬವೆಂದು ಒಂದು ಡಬ್ಬಿಯಲ್ಲಿ ಕೇಸರಿಬಾತು ತಂದಿದ್ದ. ನಮ್ಮ ಮನೆಯಲ್ಲಿ ಅವನು ಅಡುಗೆ ಕೋಣೆಗೆ ಹೋಗಿ ಕಾಫಿಯನ್ನು ತಾನೇ ಬಗ್ಗಿಸಿಕೊಳ್ಳುವವನು. ಅವತ್ತು ಅವನು ಚಪ್ಪಲಿ ಬಿಡುತ್ತಿದ್ದಂತೆಯೇ ಅವ್ವ, "ಅಲ್ಲೇ ಕೂತ್ಕಳಪ್ಪ, ನಾನೇ ತರ್ತೀನಿ" ಎಂದಳು. ನನಗೆ ಸ್ಟೀಲಿನ ಲೋಟದಲ್ಲಿ ಬಂತು. ಅವನಿಗೆ ಪೇಪರ್ ಕಪ್ಪಿನಲ್ಲಿ. ನಿಶ್ಚಿತಾರ್ಥಕ್ಕೆಂದು ತಂದಿಟ್ಟಿದ್ದ ಕಟ್ಟನ್ನು ಅವನೊಬ್ಬನಿಗಾಗಿ ಬಿಚ್ಚಿದ್ದಳು.

ಲೋಕಿ ಕಪ್ಪನ್ನು ನೋಡಿದ. ಆಮೇಲೆ ನನ್ನ ಲೋಟವನ್ನು ನೋಡಿದ. ನಾನು ನೆಲ ನೋಡುತ್ತಿದ್ದೆ.

ಅವ್ವ ಕಂಬಕ್ಕೆ ಒರಗಿ ನಿಂತು, ನಿಜವಾದ ಮರುಕದಿಂದಲೇ ಕೇಳಿದಳು: "ಈಗ ಹೆಂಗಿದೀಯಪ್ಪ? ಹೆದರ್ಕಂಡಿದ್ದೆಯಂತೆ. ನಮ್ ಶಿವು ನಿನ್ ಜೊತೆ ಆಸ್ಪತ್ರೆಗೆ ಬಂದಿದ್ನಂತಲ್ಲ."

ಇನ್ನೊಂದು ಕ್ಷಣದಲ್ಲಿ ಅವನು ಹೇಳಿಬಿಡುತ್ತಾನೆ, ಹೇಳಲಿ ಎಂದೂ ಅನ್ನಿಸಿತು. ಅವನು ನನ್ನನ್ನು ತುಂಬ ಹೊತ್ತು ನೋಡಿದ. ಆಮೇಲೆ ಅವ್ವನ ಕಡೆ ತಿರುಗಿದ.

"ಹೂಂ ಕಣವ್ವ. ಶಿವು ಇಲ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಮಾತ್ರೆ ತಗಂತಿದೀನಿ, ಈಗ ಆರಾಮಾಗಿದೀನಿ."

ಕಾಫಿಯನ್ನು ಪೂರ್ತಿ ಕುಡಿದ. ಕಪ್ಪನ್ನು ಎಲ್ಲೂ ಬಿಸಾಡದೆ ಚಪ್ಪಟೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ. "ಬರ್ತೀನವ್ವ" ಎಂದ. ಅವನು ಹೋದ ಮೇಲೆ ಅವ್ವ ಕೇಸರಿಬಾತನ್ನು ಡಬ್ಬಿಯ ಸಮೇತ ದನದ ಕೊಟ್ಟಿಗೆಯ ಕಡೆ ತೆಗೆದುಕೊಂಡು ಹೋದಳು. ನಾನು ತಡೆಯಲಿಲ್ಲ.

ಅವ್ವ ತನ್ನ ತಂಗಿಗೆ ಹೇಳಿದ್ದಳು, ಆಣೆ ಹಾಕಿಸಿಕೊಂಡು. ಚಿಕ್ಕಮ್ಮ ಇನ್ಯಾರಿಗೋ. ತಿಂಗಳೊಳಗೆ ಲೋಕಿಯ ಶಾಮಿಯಾನವನ್ನು ಕೇಳುವವರು ಇಲ್ಲವಾದರು. ಅವನ ಅಂಗಡಿಯ ಪಾತ್ರೆಯಲ್ಲಿ ಅಡುಗೆ ಮಾಡಿಸಲು ಜನ ಹಿಂಜರಿದರು. ಅಂಗನವಾಡಿಯಲ್ಲಿ ಅವನ ಮಗಳನ್ನು ಬೇರೆಯಾಗಿ ಕೂರಿಸಿ ಎಂದು ಯಾರೋ ಹೇಳಿದರಂತೆ. ಪ್ರೇಮಾ ಹೋಗಿ ಜಗಳ ಮಾಡಿ ಬಂದಳು. ಮಾರನೆಯ ದಿನದಿಂದ ಮಗುವನ್ನು ಕಳಿಸಲಿಲ್ಲ. ಫೆಬ್ರವರಿಯಲ್ಲಿ ಅಂಗಡಿ ಮುಚ್ಚಿದರು. ಕಂಬಗಳನ್ನು ಕೊಂಡ ಬೇರೆ ಊರಿನವರು ಅವನ್ನು ಲಾರಿಗೆ ಹೇರುತ್ತಿದ್ದಾಗ ನಾನು ರಸ್ತೆಯಾಚೆ ಟೀ ಅಂಗಡಿಯ ಒಳಗೆ ಕೂತಿದ್ದೆ. ಲೋಕಿ ಒಂದೊಂದು ಕಂಬವನ್ನೂ ತಾನೇ ಎತ್ತಿಕೊಡುತ್ತಿದ್ದ. ಎದ್ದು ಹೋಗಿ ಒಂದು ತುದಿ ಹಿಡಿಯಬೇಕು ಎಂದುಕೊಂಡೆ. ಟೀ ಆರಿತು. ಲಾರಿ ಹೊರಟಿತು. ಅರಸೀಕೆರೆಯ ಕಡೆ ಪ್ರೇಮಾಳ ಅಣ್ಣನ ಊರಿಗೆ ಹೋದರು ಎಂದು ಆಮೇಲೆ ತಿಳಿಯಿತು.

ಅದೇ ವಾರ ಆಲೂರಿಗೆ ಎರಡನೆಯ ಪರೀಕ್ಷೆಗೆ ಹೋದೆ, ಒಬ್ಬನೇ. ಅದೇ ಮೇಡಂ ಇದ್ದರು. "ಸೋಂಕಿಲ್ಲ. ಇನ್ನು ಈ ಯೋಚನೆ ಬಿಟ್ಟುಬಿಡಿ, ಚೆನ್ನಾಗಿರಿ" ಎಂದರು. ನಾನು ಏಳಲಿಲ್ಲ.

"ಮೇಡಂ, ನನ್ ಜೊತೆ ಬಂದಿದ್ನಲ್ಲ ಲೋಕೇಶ, ಅವನು ಊರು ಬಿಟ್ಟ. ಅಲ್ಲಿ ಮಾತ್ರೆ ಸಿಗುತ್ತಾ ಅವನಿಗೆ? ನಿಮ್ಗೇನಾದ್ರೂ ಗೊತ್ತಾ?"

"ಔಷಧಿ ಎಲ್ಲ ಕಡೆ ಸಿಗುತ್ತೆ. ಆದ್ರೆ ಒಬ್ಬರ ವಿಷಯ ನಾವು ಇನ್ನೊಬ್ಬರಿಗೆ ಹೇಳಲ್ಲಪ್ಪ" ಎಂದರು ಅವರು, ಮೆಲ್ಲಗೆ.

ಹೊರಗೆ ಬಂದು ಆ ಬೆಂಚಿನ ಮೇಲೆ ಕೂತೆ. ಮೂರು ತಿಂಗಳು ಯಾವ ಮಾತಿಗಾಗಿ ದೇವರಿಗೆಲ್ಲ ಹರಕೆ ಹೊತ್ತಿದ್ದೆನೋ ಆ ಮಾತು ಸಿಕ್ಕಿತ್ತು. ಫೋನ್ ತೆಗೆದು ಹೆಸರುಗಳನ್ನು ನೋಡುತ್ತ ಹೋದೆ. ಈ ಸುದ್ದಿ ಕೇಳಿ ಖುಷಿಪಡುವವನು ಲೋಕದಲ್ಲಿ ಇದ್ದದ್ದು ಒಬ್ಬನೇ.

ಆ ಸಂಜೆ ಅವ್ವನಿಗೆ ಎಲ್ಲ ನಿಜ ಹೇಳಿದೆ. ತಪ್ಪು ಮಾಡಿದವನು ನಾನು, ಹೆದರಿದವನು ನಾನು, ಜೊತೆಗೆ ಬಂದವನು ಅವನು ಎಂದೆ. ಅವ್ವ ಎದ್ದು ಬಾಗಿಲು ಹಾಕಿ ಬಂದು, ದನಿ ತಗ್ಗಿಸಿ ಹೇಳಿದಳು: "ಇದ್ನ ಇನ್ಯಾರ್ಗೂ ಹೇಳ್ಬ್ಯಾಡ ಮಗ."

ನಾನು ಹೇಳಲಿಲ್ಲ. ಮದುವೆಯಾಯಿತು. ಮುಂದಿನ ವರ್ಷ ಎಸ್ಟೇಟು ಬಿಟ್ಟು ಸಕಲೇಶಪುರದಲ್ಲಿ ಗೊಬ್ಬರದ ಅಂಗಡಿಯ ಕೆಲಸಕ್ಕೆ ಸೇರಿದೆ. ಮೊನ್ನೆ ಆ ಬಸ್ಸಿನಿಂದ ಇಳಿದು ಮನೆಗೆ ಹೋದಾಗ ಸುಮಾ ಯಾಕೆ ಹೀಗಿದ್ದೀರಿ ಎಂದು ಕೇಳಿದಳು. ನಾಲ್ಕು ವರ್ಷದಿಂದ ನುಂಗಿಕೊಂಡಿದ್ದನ್ನು ಅವತ್ತು ಅವಳ ಮುಂದೆ ಹೇಳಿದೆ. ಲಾಡ್ಜಿನ ಮಾತಿಗೆ ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಅವಳ ಹೆಗಲು ಅಲುಗುತ್ತಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಪೇಪರ್ ಕಪ್ಪಿನವರೆಗೂ, ಲಾರಿಯವರೆಗೂ ಹೇಳಿದೆ. ಕೊನೆಗೆ ಅವಳು ಕಣ್ಣೊರೆಸಿಕೊಂಡು ಬಂದು ನನ್ನೆದುರು ಕೂತಳು.

"ನಮ್ಮಿಬ್ರದ್ದು ಆಮೇಲೆ ಮಾತಾಡನ. ಮೊದ್ಲು ಅವ್ರಿಗೆ ಫೋನ್ ಮಾಡಿ. ನನ್ನ ಮುಂದೇನೇ ಮಾಡಿ."

ಹಳೆಯ ನಂಬರೇ ಇತ್ತು. ನಾಲ್ಕನೆಯ ರಿಂಗಿಗೆ ಎತ್ತಿದ.

"ಲೋಕಿ, ನಾನು ಕಣೋ, ಶಿವು."

ಅತ್ತ ಕಡೆ ಯಾವುದೋ ಮಿಷನ್ನಿನ ಸದ್ದು ಕೇಳುತ್ತಿತ್ತು. ಅವನು ಅದರಿಂದ ದೂರ ನಡೆದುಕೊಂಡು ಬಂದ. ಸದ್ದು ಕಡಿಮೆಯಾಯಿತು.

"ಹೇಳಿ" ಎಂದ.

ನಾನು ಏನೇನೋ ಜೋಡಿಸಿಕೊಂಡಿದ್ದೆ. "ನಂದು ತಪ್ಪಾಯ್ತು ಕಣೋ, ನಾನು ಅವತ್ತು..." ಎನ್ನುವಷ್ಟರಲ್ಲಿ ಅವನು ತಡೆದ.

"ಇರ್ಲಿ ಬಿಡಿ. ಆಗಿದ್ದಾಯ್ತು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಆರೋಗ್ಯ ಚೆನ್ನಾಗೈತೆ. ಮಗಳು ಮೂರನೇ ಕ್ಲಾಸು. ಅವ್ವ ಹೆಂಗವ್ರೆ? ನೀವೆಲ್ಲ ಚೆನ್ನಾಗಿದೀರಾ?"

ಚೆನ್ನಾಗಿದ್ದೇವೆ ಎಂದೆ. ಬರಲೇ ಒಂದು ಸಲ, ನೋಡಬೇಕು ನಿನ್ನನ್ನು ಎಂದೆ.

"ಯಾಕ್ ತೊಂದ್ರೆ ತಗತೀರ ಅಷ್ಟ್ ದೂರ. ಕೆಲ್ಸ ಐತೆ, ಇಡ್ತೀನಿ. ಹುಷಾರಾಗಿರಿ."

ಫೋನ್ ಕೆಳಗಿಟ್ಟ ಮೇಲೆ ಸುಮಾ ಕೇಳಿದಳು: "ಏನಂದ್ರು? ಬೈದ್ರಾ?"

"ಇಲ್ಲ" ಎಂದೆ. "ನೀವು, ಬನ್ನಿ, ಹೋಗಿ ಅಂತ ಮಾತಾಡಿದ."